‘ಕೊಡಬಹುದು’ ಎಂದರೆ ಸಾಲದು

ಬಾಲಮಂದಿರದಲ್ಲಿಯೋ ಅನಾಥಾಲಯದಲ್ಲಿಯೋ ಬೆಳೆದ ಹುಡುಗನಿಗೆ 18 ವರ್ಷ ತುಂಬಿತೆಂದರೆ ಅವನು ಆ ಮನೆಯನ್ನು ಬಿಡಬೇಕು. ಹುಡುಗಿಗೂ ಅದೇ ಕಟ್ಟಳೆ. ಅಂದಿನವರೆಗೆ ಅವರ ಊಟ, ಬಟ್ಟೆ, ಓದು, ಔಷಧಿ ಎಲ್ಲವೂ ಸರಕಾರದ ಹೊಣೆ. ಮರುದಿನ ಬೆಳಗಾದರೆ ಆ ಹೊಣೆ ಯಾರದು? ಈ ಪ್ರಶ್ನೆಯನ್ನು ಶಾಸನಸಭೆಯಲ್ಲಿ ಕೇಳುವವರು ಕಡಿಮೆ. ಏಕೆಂದರೆ ಈ ಮಕ್ಕಳಿಗೆ ಬೆನ್ನಿಗೆ ನಿಲ್ಲುವ ಜಾತಿಯ ಸಂಘವಿಲ್ಲ, ಶಿಫಾರಸು ಮಾಡುವ ಸೋದರಮಾವನಿಲ್ಲ, ಚುನಾವಣೆಯಲ್ಲಿ ಲೆಕ್ಕಕ್ಕೆ ಬರುವ ಓಟಿನ ಗಂಟೂ ಇಲ್ಲ. ಕೇಳುವವರಿಲ್ಲದ ಪ್ರಶ್ನೆಯನ್ನು ಕೇಳುವುದು ಶ್ರಮಜೀವಿಗಳ ಪತ್ರಿಕೆಯ ಕರ್ತವ್ಯವೆಂದು ನಾವು ತಿಳಿದಿದ್ದೇವೆ.

ಮೊದಲು ಸಂಗತಿ ತಿಳಿಯೋಣ. ಕೇಂದ್ರ ಸರಕಾರವು 2016-17ರಲ್ಲಿ ದೇಶದ ಮಕ್ಕಳ ಪಾಲನಾ ಸಂಸ್ಥೆಗಳನ್ನೆಲ್ಲ ಎಣಿಸಿತು. 2018ರಲ್ಲಿ ಅದರ ವರದಿ ಹೊರಬಂತು. ಅಂದು ಲೆಕ್ಕಕ್ಕೆ ಸಿಕ್ಕಿದ ಸಂಸ್ಥೆಗಳು 9,589. ಅವುಗಳಲ್ಲಿದ್ದ ಮಕ್ಕಳು ಸುಮಾರು 3,70,000. ಸಂಸ್ಥೆಗಳಲ್ಲಿ ಹತ್ತಕ್ಕೆ ಒಂಬತ್ತು ಸರಕಾರೇತರರು ನಡೆಸುವಂಥವು. ಈ ಮಕ್ಕಳೆಲ್ಲ ತಬ್ಬಲಿಗಳೆಂದು ಅನೇಕರು ತಿಳಿದಿದ್ದಾರೆ, ಅದು ಸರಿಯಲ್ಲ. ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡವರಿಗಿಂತ, ಒಬ್ಬರು ಬದುಕಿರುವ ಮಕ್ಕಳೇ ಆ ಎಣಿಕೆಯಲ್ಲಿ ಹೆಚ್ಚಾಗಿದ್ದರು. ಗಂಡ ಸತ್ತ ಮೇಲೆ ಕೂಲಿಗೆ ಹೋಗುವ ತಾಯಿ ಮಗುವಿಗೆ ಎರಡು ಹೊತ್ತಿನ ಅನ್ನವಾದರೂ ಸಿಗಲಿ ಎಂದು ತಂದು ಬಿಡುತ್ತಾಳೆ. ಇದನ್ನು ಹಣೆಬರಹವೆಂದು ಕರೆದು ಸುಮ್ಮನಾಗುವ ಹಾಗಿಲ್ಲ. ಇದು ಕೂಲಿಯ ಲೆಕ್ಕ, ಬಾಡಿಗೆಯ ಲೆಕ್ಕ, ಔಷಧಿಯ ಲೆಕ್ಕ. ದುಡಿಯುವ ಕೈ ಯಂತ್ರಕ್ಕೆ ಸಿಕ್ಕರೆ, ದುಡಿಯುವ ಎದೆಗೆ ಕ್ಷಯ ಹತ್ತಿದರೆ, ನಮ್ಮ ಎಷ್ಟು ಮನೆಗಳು ಆರು ತಿಂಗಳು ನಿಂತಾವು? ಬಾಲಮಂದಿರದ ಬಾಗಿಲು ಕಾರ್ಮಿಕನ ಮನೆಯಿಂದ ಬಹಳ ದೂರದಲ್ಲಿಲ್ಲ.

ಇನ್ನು ಕಾನೂನು. ಈಗ ಜಾರಿಯಲ್ಲಿರುವುದು 2015ರ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯಿದೆ. 18 ವರ್ಷ ತುಂಬಿ ಸಂಸ್ಥೆಯನ್ನು ಬಿಡುವವರು ಸಮಾಜದಲ್ಲಿ ನೆಲೆಗೊಳ್ಳುವಂತೆ ಹಣದ ನೆರವು ಕೊಡಬಹುದು ಎಂದು ಅದರ 46ನೆಯ ಕಲಮು ಹೇಳುತ್ತದೆ. ಸಂಸ್ಥೆ ಬಿಟ್ಟ ಮೇಲಿನ ಈ ಪಾಲನೆಗೆ ಅನುಪಾಲನೆ ಎಂದು ಹೆಸರು. 2016ರ ಮಾದರಿ ನಿಯಮಗಳ ಪ್ರಕಾರ ಇದು 21 ವರ್ಷದವರೆಗೆ ಸಿಗಬಹುದು. ವಿಶೇಷ ಸಂದರ್ಭಗಳಲ್ಲಿ ಇನ್ನೆರಡು ವರ್ಷ ಮುಂದುವರಿಯಬಹುದು. ಮಿಷನ್ ವಾತ್ಸಲ್ಯವೆಂಬ ಯೋಜನೆಯ 2022ರ ಮಾರ್ಗಸೂಚಿ ಇದಕ್ಕೆ ತಿಂಗಳಿಗೆ 4,000 ರೂಪಾಯಿ ಎಂದು ಗೊತ್ತುಮಾಡಿತು. ದಿನಕ್ಕೆ ಲೆಕ್ಕ ಹಾಕಿದರೆ 133 ರೂಪಾಯಿ. ಕೋಣೆಯ ಬಾಡಿಗೆ, ಊಟ, ಬಸ್ಸಿನ ಖರ್ಚು, ಪರೀಕ್ಷೆಯ ಶುಲ್ಕ ಎಲ್ಲವೂ ಇಷ್ಟರಲ್ಲೇ ಆಗಬೇಕು. ಮೊತ್ತ ಸಣ್ಣದು. ಆದರೆ ಮೊತ್ತಕ್ಕಿಂತಲೂ ಹೆಚ್ಚು ಅಪಾಯಕರವಾದದ್ದು ಆ ಕಲಮಿನ ಒಂದೇ ಒಂದು ಪದ. ಅದು ‘ಕೊಡಬಹುದು’ ಎಂಬ ಪದ.

ಕಾನೂನಿನಲ್ಲಿ ‘ಕೊಡತಕ್ಕದ್ದು’ ಎಂದಿದ್ದರೆ ಕೊಡದವನು ಜವಾಬು ಹೇಳಬೇಕಾಗುತ್ತದೆ. ‘ಕೊಡಬಹುದು’ ಎಂದಿದ್ದರೆ ಕೇಳಿದವನೇ ಕೈಮುಗಿದು ನಿಲ್ಲಬೇಕಾಗುತ್ತದೆ. ಈ ಎರಡು ಪದಗಳ ನಡುವಿನ ಅಂತರ ಎಷ್ಟೆಂಬುದನ್ನು ಗಿರಣಿ ಕಾರ್ಮಿಕರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಾಲದಲ್ಲಿ ಬೋನಸ್ ಎಂಬುದು ಮಾಲೀಕನ ಮರ್ಜಿಯ ಮೇಲೋ ನ್ಯಾಯಮಂಡಳಿಯ ತೀರ್ಪಿನ ಮೇಲೋ ನಿಂತಿತ್ತು. ಹಬ್ಬದ ಮುಂದೆ ಮಾಲೀಕನ ಮುಖ ನೋಡಬೇಕಾಗಿತ್ತು. 1965ರಲ್ಲಿ ಕಾಯಿದೆ ಬಂದ ಮೇಲೆ, ಲಾಭವಿರಲಿ ಇಲ್ಲದಿರಲಿ, ಕನಿಷ್ಠ ಬೋನಸ್ಸನ್ನು ಕೊಡತಕ್ಕದ್ದು ಎಂದಾಯಿತು. ಬೇಡುವ ಕೈ ಅಂದು ಲೆಕ್ಕ ಕೇಳುವ ಕೈಯಾಯಿತು. ಆ ಗೆಲುವು ಯಾವ ಮಾಲೀಕನ ಕರುಣೆಯಿಂದಲೂ ಬಂದುದಲ್ಲ. ಬಾಲಮಂದಿರದಿಂದ ಹೊರಬರುವ ಹುಡುಗ ಹುಡುಗಿಯರು ಇಂದು ನಿಂತಿರುವುದು ನಮ್ಮ ಹಿರಿಯರು 1965ಕ್ಕೆ ಮುಂಚೆ ನಿಂತಿದ್ದ ಜಾಗದಲ್ಲಿ.

‘ಹದಿನೆಂಟು ತುಂಬಿದವರು ದುಡಿದು ತಿನ್ನಲಿ, ನಮ್ಮ ಮಕ್ಕಳು ದುಡಿಯುವುದಿಲ್ಲವೇ?’ ಎಂದು ನಮ್ಮ ವ್ಯಾಪಾರಿ ಮಿತ್ರರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರವನ್ನು ಅವರ ಅಂಗಡಿಯಲ್ಲೇ ಹುಡುಕೋಣ. ಕೆಲಸ ಕೇಳಿಕೊಂಡು ಬಂದ ಹುಡುಗನಿಗೆ ನೀವು ಕೇಳುವ ಮೊದಲ ಮಾತು ಯಾವುದು? ‘ಯಾರ ಕಡೆಯವನಪ್ಪಾ? ಯಾವ ಊರು? ನಿನ್ನ ತಂದೆ ಯಾರು?’ ಗಲ್ಲೆಯ ಪಕ್ಕದಲ್ಲಿ ನಿಲ್ಲುವವನ ಮೇಲೆ ನಂಬಿಕೆ ಬೇಕು; ಆದುದರಿಂದ ನೀವು ಕೇಳುವುದು ತಪ್ಪಲ್ಲ. ಆದರೆ ಆ ಮೂರು ಪ್ರಶ್ನೆಗಳಿಗೂ ಉತ್ತರವಿಲ್ಲದ ಹುಡುಗ ಏನು ಮಾಡಬೇಕು? ಗಿರಣಿಯ ಗೇಟಿನಲ್ಲಿಯೂ ಇದೇ ಕಥೆ. ಬದಲಿ ಕೆಲಸವಾದರೂ ಸಿಗಬೇಕಾದರೆ ಒಳಗಿರುವ ಒಬ್ಬರು ಹೆಸರು ಹೇಳಬೇಕು. ಕೋಣೆ ಬಾಡಿಗೆಗೆ ಬೇಕಾದರೆ ಮನೆಯವರು ಮುಂಗಡ ಕೇಳುತ್ತಾರೆ, ಪರಿಚಯದವರನ್ನು ಕೇಳುತ್ತಾರೆ, ಜಾತಿಯನ್ನೂ ಕೇಳುತ್ತಾರೆ. ಜಾತಿ ಗೊತ್ತಿಲ್ಲ ಎಂದರೆ ಬಾಗಿಲು ಮುಚ್ಚುತ್ತಾರೆ. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯೆಂದರೆ ‘ನಿಮ್ಮ ಕಡೆಯವರು ಯಾರು ಬಂದಿದ್ದಾರೆ?’ ಎಂದು ಕೇಳುತ್ತಾರೆ. ಭವಿಷ್ಯನಿಧಿಯ ಕಾಗದದಲ್ಲಿ ವಾರಸುದಾರರ ಹೆಸರು ಬರೆಯುವ ಅಂಕಣ ಬಂದಾಗ ಲೇಖಣಿ ನಿಂತುಬಿಡುತ್ತದೆ. ಕುಟುಂಬವಿಲ್ಲದವನು ತನಗೆ ಬೇಕಾದವರ ಹೆಸರು ಬರೆಯಬಹುದೆಂದು ನಿಯಮವಿದೆ. ಆದರೆ ಅದನ್ನು ಅವನಿಗೆ ತಿಳಿಸಿಹೇಳುವವರು ಬೇಕಲ್ಲ!

ನಮ್ಮ ಮಕ್ಕಳು 18ಕ್ಕೆ ದುಡಿಯಲು ಹೊರಟರೆ ಅವರ ಹಿಂದೆ ಒಂದು ಮನೆಯಿರುತ್ತದೆ. ಕೆಲಸ ಬಿಟ್ಟುಹೋದರೆ ಮರಳಲು ಊರಿರುತ್ತದೆ. ಜ್ವರ ಬಂದರೆ ಗಂಜಿ ಕಾಯಿಸುವವರಿರುತ್ತಾರೆ. ಉಚಿತ ಹಾಸ್ಟೆಲುಗಳಲ್ಲಿ ಓದಿದ ಬಡ ಹುಡುಗನಿಗೂ ಬೇಸಗೆಯ ರಜೆಗೆ ಹೋಗಲು ಒಂದು ಹಳ್ಳಿಯಿತ್ತು, ಮಾವಿನ ಮರದ ಕೆಳಗೆ ಕಾಯುವ ಅಜ್ಜಿಯಿದ್ದಳು. ಯುಗಾದಿಯ ದಿನ ಊರಿನ ಖಾನಾವಳಿಗಳೆಲ್ಲ ಬಾಗಿಲು ಹಾಕುತ್ತವೆ. ಎಲ್ಲರ ಮನೆಯಲ್ಲೂ ಹೋಳಿಗೆ ಬೇಯುವ ಆ ದಿನವೇ ಊಟ ಸಿಗದ ಜನ ನಮ್ಮ ನಡುವೆ ಇದ್ದಾರೆ. ಹತ್ತು ಹನ್ನೆರಡು ವರ್ಷ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡು, ಸಾಲಿನಲ್ಲಿ ನಿಂತು ಬೆಳೆದವರು ಅವರು. ತರಕಾರಿಯ ದರ ಚೌಕಾಸಿ ಮಾಡುವುದನ್ನಾಗಲಿ, ಬ್ಯಾಂಕಿನ ಚೀಟಿ ತುಂಬುವುದನ್ನಾಗಲಿ ಅವರಿಗೆ ಯಾರೂ ಕಲಿಸಿಲ್ಲ. ಇಂಥವರನ್ನು ಒಂದು ದಿನಾಂಕ ನೋಡಿ ಹೊರಗೆ ಕಳಿಸುವುದೆಂದರೆ ನಡುನೀರಿನವರೆಗೆ ಕೈಹಿಡಿದು ಕರೆದೊಯ್ದು ಅಲ್ಲಿ ಕೈಬಿಟ್ಟಂತೆ. ಅಂಥ ಕಡೆ ಮೊದಲು ಕೈಚಾಚುವವನು ಯಾರು? ಕೂಲಿ ಮುರಿದುಕೊಳ್ಳುವ ಗುತ್ತಿಗೆಯ ಏಜೆಂಟ, ಹೆಣ್ಣುಮಕ್ಕಳ ದಲ್ಲಾಳಿ, ಪುಢಾರಿಯ ಹಿಂಬಾಲಕ. ಸರಕಾರ ಬಿಟ್ಟ ಜಾಗ ಬಹಳ ಹೊತ್ತು ಖಾಲಿ ಇರುವುದಿಲ್ಲ.

ಹಣವಂತರ ಮಕ್ಕಳ ವಿಷಯದಲ್ಲಿ ನಮ್ಮ ಕಾನೂನು ಎಂದೂ ಇಷ್ಟು ಅವಸರಪಟ್ಟಿರಲಿಲ್ಲ. 1875ರ ಪ್ರಾಪ್ತವಯಸ್ಸಿನ ಕಾಯಿದೆಯಲ್ಲಿ ಸಾಮಾನ್ಯರಿಗೆ 18 ವರ್ಷ. ಆದರೆ ನ್ಯಾಯಾಲಯವು ಪಾಲಕರನ್ನು ನೇಮಿಸಿದ ಅಥವಾ ಜಮೀನ್ದಾರಿಯ ಆಸ್ತಿ ಸರಕಾರದ ಉಸ್ತುವಾರಿಯಲ್ಲಿದ್ದ ಮಕ್ಕಳಿಗೆ 21 ವರ್ಷವೆಂದು ಬರೆದಿತ್ತು. ಎಳೆಯ ವಾರಸುದಾರನ ಕೈಗೆ ಆಸ್ತಿ ಬೇಗ ಸಿಕ್ಕರೆ ಹಾಳಾದೀತು ಎಂಬ ಮುಂದಾಲೋಚನೆ! 1999ರಲ್ಲಿ ತಿದ್ದುಪಡಿಯಾಗುವವರೆಗೆ, ಎಂದರೆ 124 ವರ್ಷ ಕಾಲ, ಈ ಏರ್ಪಾಡು ನಡೆಯಿತು. ಆಸ್ತಿಯಿದ್ದ ತಬ್ಬಲಿಗೆ 18 ಸಾಲದೆಂದು ತಿಳಿದಿದ್ದ ರಾಜ್ಯಕ್ಕೆ ಆಸ್ತಿಯಿಲ್ಲದ ತಬ್ಬಲಿಗೆ ಮಾತ್ರ 18 ಸಾಕೆಂದು ಹೇಗೆ ತೋರಿತು? ಕಾಪಾಡಲು ಹೊರಟದ್ದು ಮಗುವನ್ನೋ ಭೂಮಿಯನ್ನೋ ಎಂಬುದನ್ನು ಓದುಗರೇ ತೀರ್ಮಾನಿಸಲಿ.

ನಮ್ಮ ಸಂವಿಧಾನದ ದೃಷ್ಟಿ ಇದಕ್ಕಿಂತ ಉದಾರವಾದದ್ದು. ಅದರ 39ನೆಯ ವಿಧಿಯು ರಾಜ್ಯಕ್ಕೆ ಕೊಟ್ಟ ನಿರ್ದೇಶನದಲ್ಲಿ ಬಾಲ್ಯವನ್ನಷ್ಟೇ ಹೇಳಿ ನಿಲ್ಲಿಸಿಲ್ಲ. ಬಾಲ್ಯದ ಜೊತೆಗೆ ಯೌವನವನ್ನೂ ಸೇರಿಸಿದೆ. ಶೋಷಣೆಯಿಂದ ರಕ್ಷಿಸಬೇಕೆಂದಷ್ಟೇ ಅಲ್ಲ, ನಿರ್ಗತಿಕರಾಗಿ ಕೈಬಿಡುವುದರಿಂದಲೂ ರಕ್ಷಿಸಬೇಕೆಂದು ಹೇಳಿದೆ. 1950ರಲ್ಲಿ ಬರೆದಿಟ್ಟ ಮಾತು ಇದು. 2015ರ ಕಾಯಿದೆ ಅಷ್ಟು ದೂರ ಬರಲಾರದೆ ‘ಕೊಡಬಹುದು’ ಎಂಬಲ್ಲಿ ಕುಳಿತುಬಿಟ್ಟಿತು.

ಸರಕಾರದ ಹತ್ತಿರ ಹಣವಿಲ್ಲವೆಂಬ ಮಾತನ್ನು ನಾವು ಒಪ್ಪುವುದಿಲ್ಲ. ಕೋವಿಡ್ ಮಾರಿಗೆ ತಂದೆತಾಯಿಯರನ್ನು ಕಳೆದುಕೊಂಡ ಮಕ್ಕಳಿಗಾಗಿ ಕೇಂದ್ರ ಸರಕಾರ 2021ರಲ್ಲಿ ಪಿಎಂ ಕೇರ್ಸ್ ನಿಧಿಯಿಂದ ಒಂದು ಯೋಜನೆ ಮಾಡಿತು. ಅಂಥ ಪ್ರತಿಯೊಂದು ಮಗುವಿನ ಹೆಸರಿನಲ್ಲಿ 18 ವರ್ಷಕ್ಕೆ 10 ಲಕ್ಷ ರೂಪಾಯಿಯ ನಿಧಿ, 18ರಿಂದ 23ರವರೆಗೆ ಅದರಿಂದ ತಿಂಗಳ ವೇತನ, 23 ತುಂಬಿದಾಗ ಇಡಿಯ ಮೊತ್ತ. ಇದು ಒಳ್ಳೆಯ ಕೆಲಸ; ಇದನ್ನು ನಾವು ಮನಸಾರೆ ಮೆಚ್ಚುತ್ತೇವೆ. ಆದರೆ ಕ್ಷಯದಿಂದ ಸತ್ತ ನೇಕಾರನ ಮಗಳು, ಬಾಯ್ಲರ್ ಸಿಡಿದು ಸತ್ತ ಕೂಲಿಯವನ ಮಗ ಮಾಡಿದ ಅಪರಾಧವೇನು? ಸಾವಿಗೆ ಕಾರಣವಾದ ರೋಗದ ಹೆಸರು ನೋಡಿ ಮಗುವಿನ ಹಸಿವನ್ನು ಅಳೆಯುವುದು ಯಾವ ನ್ಯಾಯ? ಇಂಥ ಸೌಲಭ್ಯಗಳನ್ನು ಎಲ್ಲ ಅನಾಥ ಮಕ್ಕಳಿಗೂ ವಿಸ್ತರಿಸಬಹುದೇ ಎಂದು ಪರಿಶೀಲಿಸುವಂತೆ ಸರ್ವೋಚ್ಚ ನ್ಯಾಯಾಲಯವು 2024ರಲ್ಲಿ ಕೇಂದ್ರಕ್ಕೆ ಸೂಚಿಸಿತು. 23 ವರ್ಷದವರೆಗೆ ಕೈಹಿಡಿಯಬೇಕೆಂಬುದು ಸರಕಾರಕ್ಕೇ ಗೊತ್ತಿದೆ ಎಂಬುದಕ್ಕೆ ಈ ಯೋಜನೆಯೇ ಸಾಕ್ಷಿ.

ಲೆಕ್ಕವನ್ನೂ ನೋಡಿಬಿಡೋಣ. ತಿಂಗಳಿಗೆ 4,000ದಂತೆ 18ರಿಂದ 21ರವರೆಗೆ ಒಬ್ಬರಿಗೆ ತಗಲುವುದು 1,44,000 ರೂಪಾಯಿ. ಅದೇ ಮಗುವನ್ನು ಹತ್ತು ವರ್ಷ ಸಾಕಲು ಸರಕಾರ ಆಗಲೇ ಖರ್ಚು ಮಾಡಿರುತ್ತದೆ. ಕೊನೆಯ ಮೂರು ವರ್ಷಕ್ಕೆ ಕೈಬಿಗಿ ಹಿಡಿದರೆ ಮೊದಲಿನ ಹತ್ತು ವರ್ಷದ ಖರ್ಚೂ ನೀರುಪಾಲು. ಬಿತ್ತಿ, ಕಳೆ ತೆಗೆದು, ನೀರು ಹಾಯಿಸಿ, ತೆನೆ ಕಟ್ಟುವ ಹೊತ್ತಿಗೆ ಬೇಲಿ ಕೀಳುವ ಒಕ್ಕಲಿಗನನ್ನು ಯಾರಾದರೂ ಜಾಣನೆಂದಾರೇ?

ಹೆಣ್ಣುಮಕ್ಕಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಆಶ್ರಯದಲ್ಲಿ ಬೆಳೆದ ಹುಡುಗಿಗೆ ಒಬ್ಬ ವರನನ್ನು ಹುಡುಕಿ, ಅಧಿಕಾರಿಗಳು ನಿಂತು ಅಕ್ಷತೆ ಹಾಕಿದರೆ ಪುನರ್ವಸತಿ ಮುಗಿಯಿತೆಂದು ತಿಳಿಯುವ ವಾಡಿಕೆ ನಮ್ಮಲ್ಲಿದೆ. ಒಪ್ಪಿ ಮದುವೆಯಾಗುವವರಿಗೆ ನಮ್ಮ ಹಾರೈಕೆಯಿದೆ. ಆದರೆ ಹೋಗಲು ಬೇರೆ ದಾರಿಯೇ ಇಲ್ಲದವಳ ಒಪ್ಪಿಗೆಯನ್ನು ಒಪ್ಪಿಗೆಯೆನ್ನಬಹುದೇ? ಗಂಡನ ಮನೆಯಲ್ಲಿ ಏಟು ಬಿದ್ದರೆ ಅವಳಿಗೆ ತಿರುಗಿ ಬರಲು ತವರಿಲ್ಲ ಎಂಬುದನ್ನು ಮರೆಯಬಾರದು. ಕೈಯಲ್ಲೊಂದು ಕಸುಬು, ಬ್ಯಾಂಕಿನಲ್ಲೊಂದು ಖಾತೆ, ಊರಲ್ಲೊಂದು ಸುರಕ್ಷಿತ ವಸತಿ, ಇವು ಇದ್ದ ಮೇಲೆ ಮದುವೆಯ ಮಾತು. ಅದೂ ಅವಳು ಎತ್ತಿದರೆ.

ಬೇರೆ ಕಡೆಗಳಲ್ಲಿ ಈ ಹಾದಿಯಲ್ಲಿ ಕೆಲವು ಹೆಜ್ಜೆ ಬಿದ್ದಿವೆ. ಹಿಮಾಚಲ ಪ್ರದೇಶವು 2023ರಲ್ಲಿ ಸುಖ ಆಶ್ರಯವೆಂಬ ಕಾನೂನನ್ನೇ ಮಾಡಿ ಇಂಥ ಮಕ್ಕಳನ್ನು ರಾಜ್ಯದ ಮಕ್ಕಳೆಂದು ಕರೆಯಿತು. 27 ವರ್ಷದವರೆಗೆ ಅವರ ಓದು, ವಸತಿ, ಉದ್ಯೋಗಗಳಿಗೆ ನೆರವಾಗುವ ಹೊಣೆ ಹೊತ್ತಿತು. ಮಹಾರಾಷ್ಟ್ರವು 2018ರಲ್ಲಿ ವಿದ್ಯಾಭ್ಯಾಸಕ್ಕೂ ಸರಕಾರಿ ಕೆಲಸಕ್ಕೂ ಅನಾಥರಿಗೆಂದು ಶೇಕಡ 1ರಷ್ಟು ಸ್ಥಾನ ಮೀಸಲಿಟ್ಟಿತು. ಈ ಎರಡನೆಯದು ತಾನಾಗಿ ಬಂದುದಲ್ಲ. ಅನಾಥಾಲಯದಲ್ಲಿ ಬೆಳೆದ ಒಬ್ಬ ಯುವತಿ ರಾಜ್ಯದ ಲೋಕಸೇವಾ ಪರೀಕ್ಷೆ ಬರೆದು, ಜಾತಿಯ ಕಾಗದವೂ ಆದಾಯದ ಕಾಗದವೂ ಇಲ್ಲದ್ದರಿಂದ ಅವಕಾಶ ತಪ್ಪಿ, ಮುಖ್ಯಮಂತ್ರಿಯವರೆಗೆ ಹೋಗಿ ಕೇಳಿದಳು. ಒಬ್ಬಳು ಕೇಳಿದ್ದರ ಫಲ ಎಲ್ಲರಿಗೂ ದೊರೆಯಿತು.

ಇಂಗ್ಲೆಂಡಿನ ಅನುಭವವೂ ಇದನ್ನೇ ಹೇಳುತ್ತದೆ. ಅಲ್ಲಿ ಸರಕಾರಿ ಆಶ್ರಯದಲ್ಲಿದ್ದ ಹುಡುಗ ಹುಡುಗಿಯರು 1979ರಲ್ಲಿ ತಮ್ಮದೇ ರಾಷ್ಟ್ರೀಯ ಸಂಘ ಕಟ್ಟಿದರು. ತಮ್ಮ ಪರವಾಗಿ ದೊಡ್ಡವರು ಮಾತಾಡುವುದು ಸಾಕು, ನಾವೇ ಮಾತಾಡುತ್ತೇವೆ ಎಂಬ ನಿಲುವು ಅವರದು. ಆಶ್ರಯ ಬಿಟ್ಟವರಿಗೆಂದೇ ಅಲ್ಲಿ ಪ್ರತ್ಯೇಕ ಕಾನೂನು ಬಂದದ್ದು 2000ದಲ್ಲಿ. 2017ರ ಕಾನೂನು ಸಲಹೆಗಾರರ ನೆರವನ್ನು 25 ವರ್ಷದವರೆಗೆ ಚಾಚಿತು. ಎರಡು ದಶಕ ಹಿಡಿಯಿತು, ನಿಜ. ಕಾರ್ಮಿಕ ಸಂಘಗಳ ಚರಿತ್ರೆ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ನೊಂದವರೇ ಸಂಘಟಿತರಾಗಿ ಬಾಯಿ ತೆರೆದಾಗಲೇ ಕಾಯಿದೆಯ ಪದಗಳು ಬದಲಾಗುವುದು.

ಆದುದರಿಂದ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಮುಂದಿಡುತ್ತೇವೆ. ಮೊದಲನೆಯದು, 46ನೆಯ ಕಲಮಿನಲ್ಲಿ ‘ಕೊಡಬಹುದು’ ಎಂಬುದನ್ನು ‘ಕೊಡತಕ್ಕದ್ದು’ ಎಂದು ತಿದ್ದಬೇಕು. ಎರಡನೆಯದು, ನೆರವಿನ ಅವಧಿಯನ್ನು 25 ವರ್ಷದವರೆಗೆ ವಿಸ್ತರಿಸಿ, ಮೊತ್ತವನ್ನು ಬೆಲೆಗಳ ಏರಿಕೆಗೆ ತಕ್ಕಂತೆ ಏರಿಸಬೇಕು. ಮೂರನೆಯದು, ಜನನ ನೋಂದಣಿಗೂ ಗುರುತಿನ ಕಾಗದಗಳಿಗೂ ಸಂಸ್ಥೆಯು ನೆರವಾಗಬೇಕೆಂದು ಅದೇ ಕಾಯಿದೆಯ 53ನೆಯ ಕಲಮು ಹೇಳುತ್ತದೆ. ಹಾಗಾದ ಮೇಲೆ ಜನನ ಪತ್ರ, ಆಧಾರ್, ಶಾಲೆಯ ಪತ್ರಗಳು, ಬ್ಯಾಂಕಿನ ಪುಸ್ತಕ ಇವೆಲ್ಲ ಕೈಗೆ ಬಾರದೆ ಒಬ್ಬ ಹುಡುಗನನ್ನೂ ಒಬ್ಬ ಹುಡುಗಿಯನ್ನೂ ಗೇಟಿನಿಂದ ಹೊರಗೆ ಕಳಿಸಕೂಡದು. ನಾಲ್ಕನೆಯದು, ಕೋವಿಡ್ಡಿನಿಂದ ಅನಾಥರಾದವರಿಗೂ ಇತರರಿಗೂ ನಡುವಿನ ಭೇದ ಹೋಗಬೇಕು. ಐದನೆಯದು, ಮಕ್ಕಳ ರಕ್ಷಣೆಯ ವಿಷಯ ಚರ್ಚಿಸುವ ಜಿಲ್ಲೆಯ ಸಭೆಗಳಲ್ಲಿ ಅಲ್ಲಿ ಬೆಳೆದು ಬಂದವರಿಗೆ ಕುರ್ಚಿ ಹಾಕಬೇಕು. ಆ ಮನೆಯ ಸಾರು ನೀರಾಗಿತ್ತೋ ಗಟ್ಟಿಯಾಗಿತ್ತೋ ಎಂಬುದು ಉಂಡವರಿಗೆ ಗೊತ್ತು, ದಾಖಲೆ ಬರೆದವರಿಗಲ್ಲ.

ಕಾಯಿದೆ ತಿದ್ದುಪಡಿಯಾಗುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ನಮ್ಮ ಹಿಂದಿನ ತಲೆಮಾರಿನಲ್ಲಿ ವಾರಾನ್ನವೆಂಬ ಪದ್ಧತಿಯಿತ್ತು. ಬಡ ವಿದ್ಯಾರ್ಥಿ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಉಂಡು ಓದು ಮುಗಿಸುತ್ತಿದ್ದ. ಆ ಪದ್ಧತಿಗೆ ಜಾತಿಯ ಗೋಡೆಯಿತ್ತು. ಉಣ್ಣುವವನು ತಲೆ ತಗ್ಗಿಸಿಯೇ ಉಣ್ಣಬೇಕಾಗಿತ್ತು. ಅದನ್ನು ಮತ್ತೆ ತರಬೇಕೆಂದು ನಾವು ಹೇಳುವುದಿಲ್ಲ. ಆದರೆ ಏಳು ಮನೆ ಸೇರಿದರೆ ಒಬ್ಬ ಹುಡುಗನನ್ನು ದಡ ಮುಟ್ಟಿಸಬಹುದೆಂಬುದನ್ನು ಅದು ತೋರಿಸಿತ್ತು. ಇಂದು ಬೇಕಾಗಿರುವುದು ವಾರಕ್ಕೊಂದು ಊಟಕ್ಕಿಂತ ಹೆಚ್ಚಿನದು: ಜಾಮೀನು ನಿಲ್ಲುವ ಒಂದು ಹೆಸರು.

ಕಾರ್ಮಿಕ ಸಂಘಗಳಿಗೆ ನಮ್ಮ ಸೂಚನೆ ಇದು. ಬಾಲಮಂದಿರದಿಂದ ಬಂದವರಿಗೆ ಗೇಟಿನಲ್ಲಿ ಹೆಸರು ಹೇಳುವ ಕೆಲಸವನ್ನು ಸಂಘವೇ ವಹಿಸಿಕೊಳ್ಳಲಿ. ಅವರ ಭವಿಷ್ಯನಿಧಿ, ವಿಮೆಯ ಕಾಗದಗಳನ್ನು ಸಂಘದ ಕಾರ್ಯದರ್ಶಿ ಕೂತು ತುಂಬಿಸಲಿ. ಕೇಳುವವರಿಲ್ಲವೆಂದು ಅವರ ಕೂಲಿ ಮುರಿದುಕೊಳ್ಳುವ ಗುತ್ತಿಗೆದಾರನನ್ನು ಸಂಘವೇ ಕೇಳಲಿ. ಅಂಗಡಿಕಾರರಿಗೆ: ಒಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳಿರಿ, ಲೆಕ್ಕ ಬರೆಯುವುದನ್ನು ಕಲಿಸಿರಿ, ಬೇರೆಯವರಿಗೆ ಕೊಡುವಷ್ಟೇ ಸಂಬಳ ಕೊಡಿರಿ. ಹಿಂದೆ ಮುಂದೆ ಇಲ್ಲದವನೆಂದು ಕಡಿಮೆ ಕೂಲಿಗೆ ಹೆಚ್ಚು ದುಡಿಸಿಕೊಳ್ಳುವುದಾದರೆ ಆ ಉಪಕಾರವೇ ಬೇಡ. ಮನೆ ಬಾಡಿಗೆಗೆ ಕೊಡುವವರು ಜಾತಿ ಕೇಳುವುದನ್ನು ಬಿಟ್ಟು ಬಾಡಿಗೆ ಕೇಳಲಿ. ಹುಟ್ಟುಹಬ್ಬಕ್ಕೆ ಬಾಳೆಹಣ್ಣು, ಬಿಸ್ಕತ್ತು ಹಂಚಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿ ಪತ್ರಿಕೆಗಳಿಗೆ ಕಳಿಸುವ ಗಣ್ಯರಿಗೆ ಒಂದು ಮಾತು: ಇಂಥ ಮಕ್ಕಳ ಗುರುತು ಹೊರಗೆಡಹುವಂತೆ ಹೆಸರನ್ನಾಗಲಿ ಚಿತ್ರವನ್ನಾಗಲಿ ಪ್ರಕಟಿಸುವುದನ್ನು ಅದೇ ಕಾಯಿದೆಯ 74ನೆಯ ಕಲಮು ನಿಷೇಧಿಸಿದೆ. ಅಂಥ ಫೋಟೋಗಳಿಗೆ ಈ ಪತ್ರಿಕೆಯಲ್ಲಿ ಜಾಗವಿಲ್ಲ.

ಕೊನೆಯದಾಗಿ, ನಮ್ಮ ಜಿಲ್ಲೆಯ ಲೆಕ್ಕ ನಮಗೆ ಬೇಕು. ಕಳೆದ ಮೂರು ವರ್ಷಗಳಲ್ಲಿ 18 ತುಂಬಿ ಸಂಸ್ಥೆಗಳನ್ನು ಬಿಟ್ಟವರು ಎಷ್ಟು ಮಂದಿ? ಅವರಲ್ಲಿ ಅನುಪಾಲನೆಯ ಹಣ ಎಷ್ಟು ಮಂದಿಗೆ ಸಿಕ್ಕಿತು? ಎಷ್ಟು ತಿಂಗಳು ಸಿಕ್ಕಿತು? ಇಂದು ಅವರು ಎಲ್ಲಿದ್ದಾರೆಂಬುದು ಇಲಾಖೆಗೆ ಗೊತ್ತೇ? ಯಾರ ಹೆಸರೂ ಬೇಡ, ಸಂಖ್ಯೆ ಸಾಕು. 2005ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ 10 ರೂಪಾಯಿ ಶುಲ್ಕ ಕಟ್ಟಿ ಯಾವ ನಾಗರಿಕನಾದರೂ ಇದನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದ ಕೇಳಬಹುದು. 30 ದಿನದೊಳಗೆ ಉತ್ತರ ಬರಬೇಕು. ಪ್ರತಿಯೊಂದು ಕಾರ್ಮಿಕ ಸಂಘವೂ ವರ್ತಕರ ಸಂಘವೂ ಈ ತಿಂಗಳೇ ಒಂದೊಂದು ಅರ್ಜಿ ಹಾಕಲಿ. ಬಂದ ಉತ್ತರಗಳನ್ನು ಇದೇ ಪುಟದಲ್ಲಿ ಅಚ್ಚು ಹಾಕಲು ನಾವು ಸಿದ್ಧರಿದ್ದೇವೆ. ಎಣಿಸದ ಮಕ್ಕಳನ್ನು ಮರೆಯುವುದು ಸರಕಾರಕ್ಕೆ ಸುಲಭ. ಎಣಿಕೆ ಕೇಳುವ ಊರನ್ನು ಮರೆಯುವುದು ಅಷ್ಟು ಸುಲಭವಲ್ಲ.